ಕೌದಿಯ ಕೂಸು, ಸೈಕಲ್ ಟ್ಯೂಬಿನ ನರ: ಮಕ್ಕಳ ವಾರ್ಡಿನ ನರ್ಸ್‌ಗಳ ತರಬೇತಿಗೆ ಮನೆಯಲ್ಲೇ ಮಾದರಿ ಮಾಡುವುದು ಹೇಗೆ?

ರಾಯಚೂರಿನ ತೀನ್ ಕಂದೀಲ್ ಹತ್ತಿರದ ಒಂದು ಸೈಕಲ್ ಅಂಗಡಿಗೆ ಹೋಗಿ ಎರಡು ಮೀಟರ್ ವಾಲ್ ಟ್ಯೂಬ್ ಕೇಳಿದೆ. ಚಕ್ರದ ವಾಲ್ವಿಗೆ ತೊಡಿಸುತ್ತಾರಲ್ಲ, ಆ ಸಣ್ಣ ರಬ್ಬರ್ ನಳಿಕೆ. ಒಂದು ವಾಲ್ವಿಗೆ ಒಂದಿಂಚು ಸಾಕು. ಅಂಗಡಿಯವರು ತಲೆ ಎತ್ತಿ, "ಎಷ್ಟ್ ಸೈಕಲ್ ಅದಾವ್ರೀ ಮೇಡಂ ನಿಮ್ಮನ್ಯಾಗ?" ಎಂದರು. "ಸೈಕಲ್ ಒಂದೂ ಇಲ್ರೀ ಅಣ್ಣಾ, ಕೂಸಿನ ಕೈಗೆ ನರ ಮಾಡಬೇಕಾಗೇದ" ಎಂದೆ. ಆಮೇಲೆ ಚಿಲ್ಲರೆ ಕೊಡುವವರೆಗೂ ಅವರು ಬಾಯಿ ಬಿಡಲಿಲ್ಲ.

ನಾನು ನರ್ಸಿಂಗ್ ಕಲಿಸುವವಳು. ಮಕ್ಕಳ ವಾರ್ಡಿಗೆ ಹೊಸದಾಗಿ ಬಂದ ಹುಡುಗಿಯರ ಕೈ ನಡುಗುವುದನ್ನು ನೋಡಿ ನೋಡಿ ಈ ಕೆಲಸಕ್ಕೆ ಇಳಿದೆ. ದೊಡ್ಡವರ ಕೈಯಲ್ಲಿ ನೂರು ಸಲ ಕ್ಯಾನುಲಾ (ಸೂಜಿಯ ಜೊತೆ ನರದೊಳಗೆ ಬಿಡುವ ಸಣ್ಣ ಪ್ಲಾಸ್ಟಿಕ್ ನಳಿಕೆ) ಹಾಕಿದವರೂ ಎರಡು ಕೆ.ಜಿ. ಕೂಸಿನ ಮುಂದೆ ನಿಂತಾಗ ಬೆವರುತ್ತಾರೆ. ಕೂಸಿನ ಮೇಲೇ ಕಲಿಯಲಿ ಎಂದು ಬಿಡೋಕಾಗುತ್ತಾ? ಹಿಂದೆ ನಾನಿದ್ದ ಒಂದು ಕಡೆ ದುಬಾರಿ ಗೊಂಬೆಯೊಂದಿತ್ತು. ಹಾಳಾದೀತೆಂದು ಅದನ್ನು ಗಾಜಿನ ಬೀರುವಿನಲ್ಲಿಟ್ಟು ಬೀಗ ಹಾಕಿದ್ದರು. ಮೂರು ಬ್ಯಾಚಿನ ಮಕ್ಕಳು ಅದನ್ನು ಗಾಜಿನಾಚೆಯಿಂದಲೇ ನೋಡಿ ಪಾಸಾದರು.

ಮನೆಯಲ್ಲಿ ಮಾಡಿದ್ದು ಕಳಪೆ ಅಂದುಕೊಳ್ಳಬೇಡಿ. ಪ್ರಪಂಚದಲ್ಲೆಲ್ಲ ಸಿ.ಪಿ.ಆರ್. (ಹೃದಯ ನಿಂತವರಿಗೆ ಎದೆ ಒತ್ತಿ ಉಸಿರು ಕೊಡುವುದು) ಕಲಿಸಲು ಬಳಸುವ 'ಆ್ಯನ್' ಗೊಂಬೆಯನ್ನು 1960ರಲ್ಲಿ ಹೊರತಂದವರು ಆಸ್ಮುಂಡ್ ಲೇರ್ಡಾಲ್. ಅವರು ನಾರ್ವೆಯ ಆಟಿಕೆ ತಯಾರಕರು. ಮರದ ಹೊಟ್ಟು, ಹುಣಸೆ ಬೀಜದ ಅಂಟು ಕಲಸಿ ಗೊಂಬೆ ಮಾಡುವ ಕಿನ್ನಾಳ ನಮ್ಮ ಪಕ್ಕದ ಕೊಪ್ಪಳ ಜಿಲ್ಲೆಯಲ್ಲೇ ಇದೆ. ನಮಗೇನು ಕಡಿಮೆ?

ಶುರು ಮಾಡುವ ಮುಂಚೆ ಒಂದು ಚೀಟಿ

ಕತ್ತರಿ ಹಿಡಿಯುವ ಮೊದಲು ಒಂದು ಚೀಟಿಯಲ್ಲಿ ಒಂದೇ ಸಾಲು ಬರೆಯಿರಿ: ಈ ಮಾದರಿಯಿಂದ ಕೈಗೆ ಏನು ಗೊತ್ತಾಗಬೇಕು? "ಸೂಜಿ ನರದೊಳಗೆ ಹೋದಾಗ ಆಗುವ ಸಣ್ಣ 'ಟಪ್'." "ಮಾಸ್ಕ್ ಸರಿಯಾಗಿ ಕೂತಾಗ ಮಾತ್ರ ಎದೆ ಏಳಬೇಕು." ಇಷ್ಟೇ. ಕಣ್ಣು, ಹುಬ್ಬು, ಗುಂಗುರು ಕೂದಲು ಬೇಕಿಲ್ಲ. ನನ್ನ ಮೊದಲ ಗೊಂಬೆಗೆ ಕಾಡಿಗೆ, ದೃಷ್ಟಿಬೊಟ್ಟು ಎಲ್ಲ ಇಟ್ಟಿದ್ದೆ. ಎದೆ ಮಾತ್ರ ಏಳುತ್ತಿರಲಿಲ್ಲ.

ಇನ್ನೊಂದು ಮಾತು. ಒಂದೇ ಗೊಂಬೆಯಲ್ಲಿ ಎಲ್ಲ ಕಲಿಸಲು ಹೋಗಬೇಡಿ. ನೀರು ತುಂಬಿದ ನರ ಸೋರಿ ಗಾಳಿಯ ಶ್ವಾಸಕೋಶ ಒದ್ದೆಯಾಗುತ್ತದೆ, ಆಮೇಲೆ ಎರಡೂ ಕೆಲಸಕ್ಕೆ ಬರುವುದಿಲ್ಲ. ಒಂದು ಕೆಲಸಕ್ಕೆ ಒಂದು ಮಾದರಿ.

ಕೌದಿ ಬಟ್ಟೆಯ ಮೈ

ಹೊತ್ತುಕೊಳ್ಳುವುದು, ಒರೆಸುವುದು, ಸುತ್ತುವುದು, ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಕಟ್ಟಿ ಕೂರಿಸುವ ಕಾಂಗರೂ ಆರೈಕೆ, ಇವಕ್ಕೆಲ್ಲ ಬಟ್ಟೆಯ ಗೊಂಬೆ ಸಾಕು. ನಮ್ಮ ಕಡೆ ಕೌದಿ ಹೊಲಿಯುವ ಅವ್ವಂದಿರಿಗೆ ಅಳತೆ ಕೊಟ್ಟರೆ ಒಂದು ಮಧ್ಯಾಹ್ನದಲ್ಲಿ ಹೊಲಿದು ಕೊಡುತ್ತಾರೆ. ಹಳೆ ಹತ್ತಿ ಸೀರೆ ಎರಡು ಪದರ ಇರಲಿ.

ಅಳತೆ ಸುಮಾರಾಗಿ ನೆನಪಿಡಿ. ತಿಂಗಳು ತುಂಬಿ ಹುಟ್ಟಿದ ಕೂಸಿನ ಉದ್ದ 50 ಸೆಂ.ಮೀ., ತಲೆಯ ಸುತ್ತಳತೆ 33ರಿಂದ 35 ಸೆಂ.ಮೀ. ಅಂದರೆ 11 ಸೆಂ.ಮೀ. ಅಡ್ಡಳತೆಯ ಪ್ಲಾಸ್ಟಿಕ್ ಚೆಂಡು ತಲೆಗೆ ಸರಿಹೋಗುತ್ತದೆ. ತೂಕಕ್ಕೆ ಎರಡು ಗೊಂಬೆ ಮಾಡಿ: ಒಂದು 2.8 ಕೆ.ಜಿ., ಇನ್ನೊಂದು 1.8 ಕೆ.ಜಿ. 2.5 ಕೆ.ಜಿ.ಗಿಂತ ಕಡಿಮೆ ಎಂದರೆ ಕಡಿಮೆ ತೂಕದ ಕೂಸು. ಆ ಒಂದು ಕೆ.ಜಿ. ವ್ಯತ್ಯಾಸ ತೋಳಿಗೆ ಎಷ್ಟು ಗೊತ್ತಾಗುತ್ತದೆ ಎಂಬುದು ಎರಡನ್ನೂ ಎತ್ತಿದವರಿಗೇ ಗೊತ್ತು.

ಒಳಗೆ ತುಂಬಲು ತೊಳೆದು ಒಣಗಿಸಿದ ಮರಳು, ಎರಡು ಪದರದ ಪ್ಲಾಸ್ಟಿಕ್ ಚೀಲದಲ್ಲಿ. ಮನೆಯಲ್ಲಿ ಜೋಳ ಇದೆಯಲ್ಲ ಎಂದು ಜೋಳ ತುಂಬಬೇಡಿ. ನಾನು ತುಂಬಿದ್ದೆ. ರಜೆ ಮುಗಿಸಿ ಬಂದಾಗ ಇಲಿಗಳು ಕೂಸಿನ ಹೊಟ್ಟೆ ಖಾಲಿ ಮಾಡಿದ್ದವು. ತಲೆಯನ್ನು ಕುತ್ತಿಗೆಗೆ ಬಿಗಿಯಾಗಿ ಹೊಲಿಯಬೇಡಿ, ಸ್ವಲ್ಪ ಜೋಲಾಡಲಿ. ಹಸುಗೂಸಿನ ತಲೆಗೆ ಆಸರೆ ಕೊಡದೆ ಎತ್ತಿದರೆ ಹಿಂದಕ್ಕೆ ವಾಲಬೇಕು, ನೋಡಿದವರ ಎದೆ ಧಸಕ್ಕೆನ್ನಬೇಕು.

ಉಸಿರಾಡುವ ಕೂಸು

ಇದಕ್ಕೆ ಜಾಸ್ತಿ ಸಮಯ ಕೊಡಿ. ಹುಟ್ಟಿದ ಕೂಸು ಒರೆಸಿದರೂ ಬೆನ್ನು ಉಜ್ಜಿದರೂ ಉಸಿರಾಡದಿದ್ದರೆ ಒಂದು ನಿಮಿಷದೊಳಗೆ ಬ್ಯಾಗ್ ಮತ್ತು ಮಾಸ್ಕಿನಿಂದ (ಮುಖಕ್ಕೆ ಮಾಸ್ಕ್ ಒತ್ತಿ ಹಿಡಿದು, ಕೈಯಿಂದ ಬ್ಯಾಗ್ ಹಿಂಡಿ) ಉಸಿರು ಕೊಡಲು ಶುರು ಮಾಡಬೇಕು, ನಿಮಿಷಕ್ಕೆ 40ರಿಂದ 60 ಸಲ. ಓದಿದ್ದು ಎಲ್ಲರಿಗೂ ಬಾಯಿಪಾಠ. ತಪ್ಪುವುದು ಕೈ.

ಮೊದಲು ಮುಖ. ಬಟ್ಟೆಯ ಮೇಲೆ ಮಾಸ್ಕ್ ಕೂರುವುದಿಲ್ಲ, ಗಾಳಿ ಸೋರುತ್ತದೆ. ಹಾರ್ಡ್‌ವೇರ್ ಅಂಗಡಿಯ ಸಿಲಿಕೋನ್ ಸೀಲಂಟ್ ಒಂದು ಪಾಲು, ಕಾರ್ನ್‌ಫ್ಲೋರ್ ಒಂದು ಪಾಲು ತೆಗೆದುಕೊಳ್ಳಿ. ಕೈಗೆ ಗ್ಲೌಸ್ ಹಾಕಿ, ಕಿಟಕಿ ತೆರೆದು ಚಪಾತಿ ಹಿಟ್ಟಿನಂತೆ ನಾದಿ. ವಿನೆಗರ್ ತರಹ ಘಾಟು ಬರುತ್ತದೆ, ಹೆದರಬೇಡಿ. ಅದನ್ನು ಚೆಂಡಿನ ಮೇಲೆ ಹಚ್ಚಿ ಗದ್ದ, ಮೂಗಿನ ದಿಬ್ಬ, ಕೆನ್ನೆ ತಿದ್ದಿ. ಬೇಗ ತಿದ್ದಬೇಕು, ಸ್ವಲ್ಪ ಹೊತ್ತಿಗೇ ಗಟ್ಟಿಯಾಗುತ್ತದೆ. ಮಾಸ್ಕ್ ಗದ್ದ, ಬಾಯಿ, ಮೂಗು ಮುಚ್ಚಬೇಕು, ಕಣ್ಣಿನ ಮೇಲೆ ಬರಬಾರದು. ಆದ್ದರಿಂದ 1ನೇ ಸೈಜಿನ ಮಾಸ್ಕನ್ನೇ ಎದುರಿಗಿಟ್ಟುಕೊಂಡು ಮುಖ ಮಾಡಿ.

ಬಾಯಿಯ ಜಾಗದಲ್ಲಿ ಕಾಯಿಸಿದ ಮೊಳೆಯಿಂದ ತೂತು ಮಾಡಿ ಒಳಗಿಂದ ಒಂದು ಪ್ಲಾಸ್ಟಿಕ್ ನಳಿಕೆ ತೂರಿಸಿ. ಅದು ಚೆಂಡಿನ ಕೆಳಗೆ ಕುತ್ತಿಗೆಯ ಹತ್ತಿರ ಹೊರಬರಲಿ. ಕುತ್ತಿಗೆಯಲ್ಲಿ ಮಾತ್ರ ಪ್ಲಾಸ್ಟಿಕ್ ಬೇಡ. ಅಲ್ಲಿ ಗ್ಲೌಸಿನ ಒಂದು ಬೆರಳನ್ನು ಎರಡೂ ತುದಿ ಕತ್ತರಿಸಿ ಜೋಡಿಸಿ, ದಾರ ಸುತ್ತಿ ಟೇಪ್ ಹಾಕಿ. ಇದರಿಂದ ಏನಾಗುತ್ತದೆ ಗೊತ್ತಾ? ಕೂಸಿನ ತಲೆ ಎದೆಯ ಕಡೆ ಬಗ್ಗಿದರೆ ಆ ಮೆತ್ತನೆಯ ಭಾಗ ಮಡಚಿಕೊಂಡು ಗಾಳಿ ನಿಲ್ಲುತ್ತದೆ. ಹೆಗಲ ಕೆಳಗೆ ಬಟ್ಟೆ ಮಡಚಿ ಇಟ್ಟು ತಲೆಯನ್ನು ಸ್ವಲ್ಪವೇ ಹಿಂದಕ್ಕೆ ವಾಲಿಸಿದರೆ ದಾರಿ ತೆರೆಯುತ್ತದೆ. ನಿಜವಾದ ಕೂಸಿನಲ್ಲಿ ಆಗುವುದೂ ಹೆಚ್ಚುಕಡಿಮೆ ಇದೇ. ನಾನು ಬಾಯಲ್ಲಿ ಹೇಳುವ ಬದಲು ಗೊಂಬೆಯೇ ಹೇಳಲಿ ಅಂತ.

ಈಗ ಶ್ವಾಸಕೋಶ. ನಾನು ಮೊದಲು ಇಡೀ ಗ್ಲೌಸನ್ನೇ ಕಟ್ಟಿದ್ದೆ. ಎದೆ ಏಳಬೇಕಾದರೆ ಬ್ಯಾಗನ್ನು ಪೂರ್ತಿ ಹಿಂಡಬೇಕಿತ್ತು. ಹುಡುಗಿಯರು ಜೋರಾಗಿ ಹಿಂಡಿದರು, ಎದೆ ಚೆನ್ನಾಗಿ ಎದ್ದಿತು, ನಾನೂ ಶಭಾಶ್ ಎಂದೆ. ವಾರದ ನಂತರ ಹೊಳೆಯಿತು: ನಾನೇ ಅವರಿಗೆ ತಪ್ಪು ಕಲಿಸಿದ್ದೆ. ಹಸುಗೂಸಿಗೆ ಒಂದು ಉಸಿರಿಗೆ ಬೇಕಾಗುವುದು ಕೆ.ಜಿ.ಗೆ 4ರಿಂದ 6 ಮಿ.ಲೀ. ಮೂರು ಕೆ.ಜಿ. ಕೂಸಿಗೆ 12ರಿಂದ 18 ಮಿ.ಲೀ., ಅಂದರೆ ಸುಮಾರು ಮೂರು ಟೀ ಚಮಚದಷ್ಟು. ಬ್ಯಾಗಿನಲ್ಲಿ ಇರುವುದು ಸುಮಾರು 250 ಮಿ.ಲೀ. ಹಾಗೆ ಹಿಂಡಿದರೆ ನಿಜವಾದ ಕೂಸಿನ ಶ್ವಾಸಕೋಶ ಒಡೆಯಬಹುದು.

ಆದ್ದರಿಂದ ಗ್ಲೌಸಿನ ಎರಡೇ ಬೆರಳು ಉಳಿಸಿ ಮಿಕ್ಕ ಬೆರಳನ್ನು ಬುಡದಲ್ಲಿ ದಾರದಿಂದ ಕಟ್ಟಿ. ಅಂಗೈ ಭಾಗವನ್ನೂ ಆದಷ್ಟು ಚಿಕ್ಕದಾಗಿ ಸುತ್ತಿ ನಳಿಕೆಗೆ ಬಿಗಿಯಿರಿ. ಅದನ್ನು ಎದೆಯ ಮೇಲೆ ಚಪ್ಪಟೆಯಾಗಿ ಮಲಗಿಸಿ, ತೆಳು ಸ್ಪಂಜು ಹಾಸಿ, ಮೇಲೆ ಬನಿಯನ್ ಬಟ್ಟೆ ಎಳೆದು ಹೊಲಿಯಿರಿ. ಪರೀಕ್ಷೆ ಸುಲಭ: 20 ಮಿ.ಲೀ. ಸಿರಿಂಜಿನ ತುದಿಗೆ ಸಣ್ಣ ರಬ್ಬರ್ ನಳಿಕೆ ತೊಡಿಸಿ ಬಾಯಿಯ ತೂತಿಗೆ ಬಿಗಿಯಾಗಿ ಹಿಡಿದು ಗಾಳಿ ತಳ್ಳಿ. ಎದೆ ಸ್ವಲ್ಪ ಎದ್ದು ತಾನಾಗಿಯೇ ಇಳಿಯಬೇಕು. ಏಳದಿದ್ದರೆ ಎಲ್ಲೋ ಸೋರುತ್ತಿದೆ. ಸೋಪಿನ ನೀರು ಹಚ್ಚಿ ಗುಳ್ಳೆ ನೋಡಿ, ಪಂಕ್ಚರ್ ಅಂಗಡಿಯವರು ನೋಡುವ ಹಾಗೆ.

ಇದೇ ಗೊಂಬೆಗೆ ಹೊಕ್ಕುಳಬಳ್ಳಿಯ ನಾಡಿಯನ್ನೂ ಕೊಡಬಹುದು, ಇದೊಂದು ವಿನಾಯಿತಿ. ಗ್ಲೌಸಿನ ಒಂದು ಬೆರಳನ್ನು ಬಳ್ಳಿಯಂತೆ ಹೊಲಿದು, ಅದರೊಳಗಿಂದ ಉದ್ದ ನಳಿಕೆ ತೆಗೆದು, ಇನ್ನೊಂದು ತುದಿಗೆ 5 ಮಿ.ಲೀ. ಸಿರಿಂಜ್ ಹಾಕಿ. ಒಳಗೆ ಗಾಳಿ ಮಾತ್ರ, ನೀರು ಬೇಡ. ಮೇಜಿನ ಕೆಳಗೆ ಕೂತವರು ಸಿರಿಂಜನ್ನು ತುಸು ತುಸು ಒತ್ತಿದರೆ ಬಳ್ಳಿ ಮಿಡಿಯುತ್ತದೆ. ಮೊಬೈಲಿನಲ್ಲಿ ತಾಳ ಹಾಕುವ ಆ್ಯಪ್ ಇಟ್ಟುಕೊಂಡರೆ ನಿಮಿಷಕ್ಕೆ 60 ಬೇಕಾದರೆ 60, 120 ಬೇಕಾದರೆ 120.

ಎದೆ ಒತ್ತುವ ಅಭ್ಯಾಸಕ್ಕೆ ಬೇರೆ ಗೊಂಬೆ ಮಾಡಿ. ಅರ್ಧ ಲೀಟರಿನ ಖಾಲಿ ನೀರಿನ ಬಾಟಲಿ, ಮುಚ್ಚಳದಲ್ಲಿ ಸಣ್ಣ ತೂತು, ಸುತ್ತ ಸ್ಪಂಜು. ತೂತಿಲ್ಲದಿದ್ದರೆ ಕಲ್ಲಿನಂತೆ ಇರುತ್ತದೆ. ಎದೆಯ ದಪ್ಪದ ಮೂರನೇ ಒಂದು ಭಾಗ ಒಳಗೆ ಹೋಗಬೇಕು, ಬಿಟ್ಟ ಕೂಡಲೇ ಪೂರ್ತಿ ಮೇಲೆ ಬರಬೇಕು. ಹಸುಗೂಸಿಗೆ ಮೂರು ಒತ್ತು, ಒಂದು ಉಸಿರು.

ನರ ಸಿಗುವ ಕೈ

ಇಂಟರ್ನೆಟ್ಟಿನಲ್ಲಿ ನೋಡಿದರೆ ಬಹಳ ಕಡೆ ಜೆಲಟಿನ್ ಬಳಸಿ ಎನ್ನುತ್ತಾರೆ. ನಾನೂ ಬಳಸಿದೆ, ಏಪ್ರಿಲ್ ತಿಂಗಳಲ್ಲಿ. ಬೆಳಿಗ್ಗೆ ಫ್ರಿಜ್ಜಿನಿಂದ ತೆಗೆದು ತಂದಾಗ ಚೆನ್ನಾಗಿತ್ತು. ಕರೆಂಟ್ ಹೋಯಿತು. ಹನ್ನೊಂದೂವರೆಗೆ ನೋಡಿದರೆ ತಟ್ಟೆಯಲ್ಲಿ ಕೆಂಪು ಸಾರು, ಅದರಲ್ಲಿ ತೇಲುವ ನಳಿಕೆ. ಜೆಲಟಿನ್ ಸುಮಾರು 35 ಡಿಗ್ರಿಗೇ ಕರಗುತ್ತದೆ. ನಮ್ಮಲ್ಲಿ ಬೇಸಿಗೆಯಲ್ಲಿ 40 ದಾಟುವುದು ಹೊಸದಲ್ಲ. ರಾಯಚೂರು, ಬಳ್ಳಾರಿಯವರು ಜೆಲಟಿನ್ ಮರೆತುಬಿಡುವುದೇ ಒಳ್ಳೆಯದು.

ನಮಗೆ ಸರಿಹೋಗುವುದು ಚೈನಾ ಗ್ರಾಸ್, ಕಿರಾಣಿ ಅಂಗಡಿಯಲ್ಲಿ ಸಿಗುತ್ತದಲ್ಲ, ಪುಡ್ಡಿಂಗ್ ಮಾಡುವುದು. ಫ್ರಿಜ್ ಇಲ್ಲದೆಯೂ ಗಟ್ಟಿಯಾಗುತ್ತದೆ. ಒಮ್ಮೆ ಗಟ್ಟಿಯಾದರೆ ಸುಮಾರು 85 ಡಿಗ್ರಿಯವರೆಗೆ ಕರಗುವುದಿಲ್ಲ. ನಮ್ಮ ಬಿಸಿಲೂ ಅಲ್ಲಿಗೆ ಮುಟ್ಟಿಲ್ಲ.

10 ಗ್ರಾಂ ಚೈನಾ ಗ್ರಾಸನ್ನು ಅರ್ಧ ಲೀಟರ್ ನೀರಿನಲ್ಲಿ ನೆನೆಸಿ, ಎಳೆ ಒಂದೂ ಕಾಣದಂತೆ ಕುದಿಸಿ ಕರಗಿಸಿ. ಇಳಿಸಿದ ಮೇಲೆ ಒಂದು ಚಮಚ ಇಸಬ್‌ಗೋಲು ಹಾಕಿ. ಅದರಿಂದ ಮಿಶ್ರಣ ಮಂಕಾಗಿ ಒಳಗಿನ ನಳಿಕೆ ಕಣ್ಣಿಗೆ ಕಾಣುವುದಿಲ್ಲ, ಬೆರಳಿನಿಂದಲೇ ಹುಡುಕಬೇಕಾಗುತ್ತದೆ. ಬೂಸು ಹಿಡಿಯದಿರಲಿ ಎಂದು ನಾಲ್ಕು ಹನಿ ಡೆಟಾಲ್ ಹಾಕಿ.

ಚಪ್ಪಟೆ ಟಿಫಿನ್ ಡಬ್ಬಿಯ ಎರಡು ಬದಿಗೆ ತೂತು ಮಾಡಿ ವಾಲ್ ಟ್ಯೂಬನ್ನು ಅಡ್ಡಲಾಗಿ ಎಳೆದು ಕಟ್ಟಿ. ಬಿಗಿ ಬೇಡ, ಚೂರು ಸಡಿಲ ಇರಲಿ. ತೂತಿನ ಸಂದಿಗೆ ಸೀಲಂಟ್ ಹಚ್ಚಿ ಒಣಗಲು ಬಿಡಿ. ಆಮೇಲೆ ಕೈಗೆ ತಡೆಯುವಷ್ಟು ಬಿಸಿ ಇರುವಾಗ ಮಿಶ್ರಣ ಸುರಿಯಿರಿ, ಟ್ಯೂಬಿನ ಮೇಲೆ 2 ಮಿ.ಮೀ. ಮಾತ್ರ ನಿಲ್ಲಬೇಕು. ಇದಕ್ಕಿಂತ ದಪ್ಪವಾದರೆ ಅದು ಕೂಸಿನ ನರವಲ್ಲ, ಪೈಲ್ವಾನನ ನರ. ಗಟ್ಟಿಯಾದ ಮೇಲೆ ಒಂದು ಗ್ಲೌಸನ್ನು ಸೀಳಿ ಮೇಲೆ ಹೊದಿಸಿ ಡಬ್ಬಿಯ ಕೆಳಗೆ ಟೇಪ್ ಹಾಕಿ. ಚೈನಾ ಗ್ರಾಸ್ ಎಳೆದರೆ ಬಿರಿಯುತ್ತದೆ, ಅದಕ್ಕೇ ಈ ಹೊದಿಕೆ. ಸೂಜಿ ಹಾಕುವಾಗ ಚರ್ಮ ಎಳೆದು ಹಿಡಿಯುವ ಅಭ್ಯಾಸವೂ ಆಗುತ್ತದೆ.

ಟ್ಯೂಬಿನ ಒಂದು ತುದಿಗೆ ಡ್ರಿಪ್ ಸೆಟ್ ಮೂಲಕ ಕೆಂಪು ನೀರಿನ ಬಾಟಲಿ, ಇನ್ನೊಂದು ತುದಿಗೆ ಕ್ಲಿಪ್. ಬಣ್ಣಕ್ಕೆ ಅಡುಗೆಯ ಕೆಂಪು ಬಣ್ಣ ಹಾಕಿ. ಕುಂಕುಮ ತಳಕ್ಕೆ ಕೂತು ನಳಿಕೆ ಕಟ್ಟುತ್ತದೆ, ಶರಬತ್ತಿಗೆ ಇರುವೆ ಬರುತ್ತದೆ. ಬಾಟಲಿ ಡಬ್ಬಿಗಿಂತ ಒಂದು ಗೇಣು ಮೇಲಿದ್ದರೆ ಸಾಕು. ಎತ್ತರಕ್ಕೆ ನೇತುಹಾಕಿದರೆ ಚುಚ್ಚಿದ ಕೂಡಲೇ ಕಾರಂಜಿ.

ಹಸುಗೂಸಿಗೆ ಹಳದಿ ಬಣ್ಣದ 24 ಗೇಜ್ ಕ್ಯಾನುಲಾ, ತೀರಾ ಚಿಕ್ಕ ಕೂಸಿಗೆ ನೇರಳೆ ಬಣ್ಣದ 26. ಸೂಜಿ ಬಹುತೇಕ ಮಲಗಿರಬೇಕು, 10ರಿಂದ 15 ಡಿಗ್ರಿ. ಒಳಹೋದಾಗ ಟಪ್ ಎನ್ನುತ್ತದೆ, ಕೆಂಪು ಕಾಣುತ್ತದೆ. ಇಲ್ಲೇ ಎಲ್ಲರೂ ತಪ್ಪುವುದು: ಕೆಂಪು ಕಂಡ ಖುಷಿಗೆ ಇನ್ನೂ ಒಳಗೆ ನೂಕಿ ನರದ ಹಿಂಗೋಡೆ ತೂತು ಮಾಡುತ್ತಾರೆ. ಕೆಂಪು ಕಂಡ ಕೂಡಲೇ ಸೂಜಿಯನ್ನು ಇನ್ನಷ್ಟು ಮಲಗಿಸಿ, ಒಂದು ಮಿ.ಮೀ. ಮುಂದೆ ಸರಿಸಿ, ಆಮೇಲೆ ಪ್ಲಾಸ್ಟಿಕನ್ನು ಮಾತ್ರ ಜಾರಿಸಬೇಕು. ಹಿಂಗೋಡೆ ತೂತಾದರೆ ಚೈನಾ ಗ್ರಾಸಿನೊಳಗೆ ಕೆಂಪು ಹರಡುತ್ತದೆ. ಕ್ಲಾಸು ಮುಗಿದ ಮೇಲೆ ಡಬ್ಬಿಯನ್ನು ಅಂಗೈ ಮೇಲೆ ಬೋರಲು ಹಾಕಿ ತೋರಿಸಿ, ಯಾರಿಗೂ ಬೈಯಬೇಕಾಗಿಲ್ಲ.

ಬಳಸಿದ ಚೈನಾ ಗ್ರಾಸನ್ನು ಮತ್ತೆ ಕುದಿಸಿ ಸುರಿಯಬಹುದು. ಎರಡು ಮೂರು ಸಲ ನಡೆಯುತ್ತದೆ. ಅದಕ್ಕೆಂದೇ ಬೇರೆ ಪಾತ್ರೆ ಇಡಿ, ಅಡುಗೆಮನೆಯದು ಬೇಡ.

ತೊಡೆ ಮತ್ತು ಬಳ್ಳಿ

ಇವೆರಡೂ ಸುಲಭ. ಹುಟ್ಟಿದ ಕೂಡಲೇ ಕೊಡುವ 1 ಮಿ.ಗ್ರಾಂ. ವಿಟಮಿನ್ ಕೆ, ಆರು ವಾರದಿಂದ ಶುರುವಾಗುವ ಪೆಂಟಾವೇಲೆಂಟ್ ಲಸಿಕೆ, ಎರಡೂ ತೊಡೆಯ ಮುಂಭಾಗದ ಹೊರಬದಿಗೆ. ಮಗುವಿನ ಕಾಲುಚೀಲದೊಳಗೆ ಪೆನ್ಸಿಲ್ಲಿಟ್ಟು ಸುತ್ತ ಸ್ಪಂಜು ಸುತ್ತಿ, ಮೇಲೆ ಗ್ಲೌಸ್ ತೊಡಿಸಿ. ಪೆನ್ಸಿಲ್ ಅಂದರೆ ಮೂಳೆ. ಸೂಜಿ ಅದಕ್ಕೆ ತಾಗಿದರೆ ಜಾಸ್ತಿ ಆಳ ಹೋಯಿತು ಅಂತ ಅರ್ಥ. ತೊಡೆಯ ಬುಡದಿಂದ ಮೊಣಕಾಲಿನವರೆಗೆ ಮೂರು ಭಾಗ ಮಾಡಿದರೆ ನಡುವಿನ ಭಾಗ. ನೀರು ಚುಚ್ಚಿದರೆ ಸ್ಪಂಜು ನಾರುತ್ತದೆ, ಸಂಜೆ ಬಿಚ್ಚಿ ಬಿಸಿಲಿಗೆ ಹಾಕಿ.

ಹೊಕ್ಕುಳಬಳ್ಳಿ ಕತ್ತರಿಸಿ ಕ್ಲಾಂಪ್ ಹಾಕುವುದಕ್ಕೆ ಎರಡು ಸಣ್ಣ ನಳಿಕೆ, ಒಂದು ದೊಡ್ಡ ಮೆತ್ತನೆಯ ನಳಿಕೆ, ಸುತ್ತ ಹತ್ತಿ, ಇಷ್ಟನ್ನು ನಿರೋಧ್ ಒಳಗೆ ತೂರಿಸಿ. ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ ಸಿಗುತ್ತದೆ. ಹುಡುಗಿಯರು ಐದು ನಿಮಿಷ ನಗುತ್ತಾರೆ, ನಗಲಿ. ಎರಡು ಅಪಧಮನಿ, ಒಂದು ಅಭಿಧಮನಿ ಎಂಬುದನ್ನು ಮಾತ್ರ ಆಮೇಲೆ ಯಾರೂ ಮರೆಯುವುದಿಲ್ಲ.

ಮೂಗಿನ ನಳಿಕೆ

ಇದು ಮೂಗಿನಿಂದ ಹೊಟ್ಟೆಗೆ ನಳಿಕೆ ಇಳಿಸುವ ಅಭ್ಯಾಸಕ್ಕೆ. ಹಳೆಯ ಸ್ಟೆತಸ್ಕೋಪ್ ಎಸೆಯಬೇಡಿ. ಅದರ ಕವಲೊಡೆದ ರಬ್ಬರ್ ನಳಿಕೆ ಇಲ್ಲಿ ಚಿನ್ನ. ಒಂಟಿ ತುದಿಯನ್ನು ಗೊಂಬೆಯ ಮೂಗಿನ ತೂತಿಗೆ ಸೇರಿಸಿ. ಒಂದು ಕವಲು ಹೊಟ್ಟೆಯ ಪುಟ್ಟ ಬಾಟಲಿಗೆ, ಇನ್ನೊಂದು ಶ್ವಾಸಕೋಶವೆಂದು ಕಟ್ಟಿದ ಗ್ಲೌಸಿಗೆ. ಹೊಟ್ಟೆಯಲ್ಲಿ ಒಂದು ನಿಂಬೆಹಣ್ಣಿನ ರಸ ಬೆರೆಸಿದ ಅರ್ಧ ಲೋಟ ನೀರು, ಇನ್ನೊಂದರಲ್ಲಿ ಬರೀ ನೀರು. ಒಂದು ಕವಲಿಗೆ ಕ್ಲಿಪ್ ಹಾಕಿದರೆ ನಳಿಕೆ ಇನ್ನೊಂದಕ್ಕೆ ಹೋಗುತ್ತದೆ. ಎಲ್ಲಿಗೆ ಹೋಯಿತು ಎಂದು ಹೊರಗಿನಿಂದ ಗೊತ್ತಾಗುವುದಿಲ್ಲ. ಅದೇ ಬೇಕು.

ಉದ್ದ ಅಳೆಯುವುದು ಮೂಗಿನ ತುದಿಯಿಂದ ಕಿವಿಯ ಹಾಲೆಗೆ, ಅಲ್ಲಿಂದ ಎದೆಮೂಳೆಯ ಕೊನೆ ಮತ್ತು ಹೊಕ್ಕುಳದ ನಡುವಿನ ಬಿಂದುವಿಗೆ. ಹಾಕಿದ ಮೇಲೆ ಸಿರಿಂಜಿನಿಂದ ಎಳೆದು ಹುಳಿ ಎಷ್ಟಿದೆ ಎಂದು ಬಣ್ಣದಲ್ಲಿ ತೋರಿಸುವ ಪಿ.ಎಚ್. ಕಾಗದದ ಮೇಲೆ ಹನಿಸಬೇಕು. 5.5 ಅಥವಾ ಕಡಿಮೆ ಬಂದರೆ ಹೊಟ್ಟೆ. ಗಾಳಿ ತಳ್ಳಿ ಸ್ಟೆತಸ್ಕೋಪಿನಲ್ಲಿ 'ಗುಳುಗುಳು' ಕೇಳಿತು ಎಂದು ಅಷ್ಟಕ್ಕೇ ನಂಬಬಾರದು. ಶ್ವಾಸಕೋಶದಲ್ಲಿದ್ದರೂ ಹಾಗೇ ಕೇಳಿಸಬಹುದು. ನಿಂಬೆ ನೀರನ್ನು ಕ್ಲಾಸಿಗೆ ಮುಂಚೆ ನೀವೇ ಒಮ್ಮೆ ಪರೀಕ್ಷಿಸಿ.

ಅಕ್ಕನ ಕೈಗೆ ಕೊಡಿ

ಮಾದರಿ ಮುಗಿದ ಮೇಲೆ ವಾರ್ಡಿನಲ್ಲಿ ಬಹಳ ವರ್ಷ ದುಡಿದ ಒಬ್ಬ ಸಿಸ್ಟರ್ ಕೈಗೆ ಕೊಡಿ. ಏನೂ ವಿವರಿಸಬೇಡಿ. ನನ್ನ ಮೊದಲ ಕೈಯನ್ನು ಮುಟ್ಟಿದ ನಮ್ಮ ಹಿರಿಯಕ್ಕ, "ಇದು ಕೂಸಿನ ಕೈಯಲ್ಲವ್ವಾ, ಬದನೆಕಾಯಿ" ಎಂದುಬಿಟ್ಟರು. ಡ್ರಿಪ್ ಸೆಟ್ಟಿನ ಪ್ಲಾಸ್ಟಿಕ್ ನಳಿಕೆಯನ್ನೇ ನರವೆಂದು ಹಾಕಿದ್ದೆ, ಅದು ಬಿರುಸು. ವಾಲ್ ಟ್ಯೂಬ್ ಹುಡುಕಿ ಹೊರಟಿದ್ದು ಆ ಮಾತಿನಿಂದಲೇ. ಅವರು ಕಣ್ಣು ಮುಚ್ಚಿ ಚುಚ್ಚಿ "ಹೂಂ" ಎಂದರೆ ಪಾಸು.

ಕ್ಲಾಸಿನಲ್ಲಿ ಸುಮ್ನೆ ಗೊಂಬೆ ತೋರಿಸಿ ಮುಗಿಸಬೇಡಿ, ಒಂದು ಸಂದರ್ಭ ಕಟ್ಟಿ. ಬಟ್ಟೆಯ ಗೊಂಬೆಯ ಎದೆಯ ಕೆಳಗೆ ಗ್ಲೌಸಿನ ಬೆರಳಿಟ್ಟು ಮೇಜಿನ ಕೆಳಗಿಂದ ಸಿರಿಂಜ್ ಒತ್ತಿದರೆ ಕೂಸು ಉಸಿರಾಡುತ್ತದೆ. ನಿಮಿಷಕ್ಕೆ 68 ಸಲ ಒತ್ತಿ. ಒಬ್ಬರು ತಾಯಿಯಾಗಿ, "ಸಿಸ್ಟರ್, ನಿನ್ನೆಯಿಂದ ಮಲಿ ಕುಡೀವಲ್ದು" ಎನ್ನಲಿ. ಎರಡು ತಿಂಗಳೊಳಗಿನ ಕೂಸಿಗೆ 60 ಅಥವಾ ಜಾಸ್ತಿ ಇದ್ದರೆ ಅದು ವೇಗದ ಉಸಿರು. ಆದರೆ ಪೂರ್ತಿ ಒಂದು ನಿಮಿಷ ಎಣಿಸಬೇಕು. ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸುವವರು ಸಿಕ್ಕೇ ಸಿಗುತ್ತಾರೆ.

ಇದನ್ನು ಬಿಡಲೇಬೇಡಿ

ರೋಗಿಗೆ ಬಳಸಿದ ಸೂಜಿ, ನಳಿಕೆ, ಬಾಟಲಿ ಯಾವುದೂ ಮಾದರಿಗೆ ಬೇಡ. ತೊಳೆದರೂ ಬೇಡ. ಅವು 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದಂತೆ ಆಯಾ ಬಣ್ಣದ ಚೀಲಕ್ಕೋ ಡಬ್ಬಿಗೋ ಹೋಗಬೇಕು. ಅವಧಿ ಮುಗಿದ, ಒಡೆಯದ ಪ್ಯಾಕೆಟ್ಟುಗಳನ್ನು ಸ್ಟೋರಿನಿಂದ ಬರವಣಿಗೆಯಲ್ಲಿ ಕೇಳಿ ಪಡೆಯಿರಿ. ಅಭ್ಯಾಸದ ಸೂಜಿಗಳಿಗೂ ಚುಚ್ಚಲಾಗದ ಬಿಳಿ ಡಬ್ಬಿ ಮೇಜಿನ ಮೇಲಿರಲಿ. ಗ್ಲೌಸಿನ ರಬ್ಬರಿಗೆ ಅಲರ್ಜಿ ಇರುವವರು ಯಾರಾದರೂ ಇದ್ದಾರಾ ಎಂದು ಮೊದಲೇ ಕೇಳಿ.

ಮತ್ತೆ ಲೇಬಲ್. 2014ರ ಕೊನೆಯಲ್ಲಿ ಅಮೆರಿಕದಲ್ಲಿ, ತರಬೇತಿಗೆಂದು ತಯಾರಿಸಿದ ಸ್ಟೆರೈಲ್ ಅಲ್ಲದ ಸಲೈನ್ ಚೀಲಗಳು ಕ್ಲಿನಿಕ್ಕುಗಳಿಗೆ ಸೇರಿ ನಿಜವಾದ ರೋಗಿಗಳಿಗೆ ಏರಿದವು. 40ಕ್ಕೂ ಹೆಚ್ಚು ಜನರಿಗೆ ಹೀಗಾಯಿತು, ಅವರಲ್ಲಿ ಹಲವರು ಕಾಯಿಲೆ ಬಿದ್ದರು. ಅಲ್ಲಿ ಆದದ್ದು ಇಲ್ಲಿ ಆಗದೆನ್ನಲು ಏನೂ ಇಲ್ಲ. ಪ್ರತಿ ಬಾಟಲಿ, ಪ್ರತಿ ಸೆಟ್ಟಿನ ಮೇಲೂ ಕೆಂಪು ಮಾರ್ಕರಿನಲ್ಲಿ "ತರಬೇತಿಗೆ ಮಾತ್ರ" ಎಂದು ಕನ್ನಡದಲ್ಲೇ ದೊಡ್ಡದಾಗಿ ಬರೆಯಿರಿ. ವಾರ್ಡಿನ ಬೀರುವಿನಲ್ಲಿ ಒಂದು ರಾತ್ರಿಯೂ ಇಡಬೇಡಿ. ನಾನು ಒಂದು ಹಳೆಯ ತಗಡಿನ ಟ್ರಂಕಿನಲ್ಲಿಟ್ಟು ಬೀಗ ಹಾಕುತ್ತೇನೆ. ಕೀಲಿ ಒಂದು ನನ್ನ ಬಳಿ, ಇನ್ನೊಂದು ಹುಡುಗಿಯರ ಹಾಸ್ಟೆಲ್ಲಿನಲ್ಲಿ, ರಾತ್ರಿ ಎಂಟರ ಮೇಲೂ ಅಭ್ಯಾಸ ಮಾಡಬೇಕೆನ್ನುವವರಿಗೆ.